ಅಲ್ಲಾಡದ ಇಂಜಿನ್

ನಮ್ಮ ಯಜಮಾನರು ಗೇಟು, ಗ್ರಿಲ್ ಮಾಡುವ ವೆಲ್ಡರ್. ಬೀದಿಯವರು ಕರೆಯುವುದು ಗಟ್ಟಿಯಣ್ಣ ಅಂತ. ಅವರ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ: ಕಬ್ಬಿಣ, ಇಲ್ಲವೇ ನಾಳೆ ಮುರಿಯುವಂಥದ್ದು. ಅವರು ಮಾಡಿದ ಅಡುಗೆಮನೆಯ ಸ್ಟೂಲನ್ನು ಎತ್ತಲು ಇಬ್ಬರು ಬೇಕು. ಹಾಳಾಗಲಿ, ಸ್ಟೂಲನ್ನು ಸಹಿಸಿಕೊಂಡೆ. ಕಾರನ್ನು ಹೇಗೆ ಸಹಿಸುವುದು?

ಹಳೇ ಕಾರು. ಇಂಜಿನ್ನನ್ನು ಚೌಕಟ್ಟಿಗೆ ಹಿಡಿದಿಡುವ ಮೌಂಟುಗಳ ರಬ್ಬರ್ ಹರಿದಿತ್ತು, ಅಂಥವು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. "ನಾನೇ ಮಾಡ್ತೀನಿ" ಅಂದರು. ಮೊದಲು ಮರದ ತುಂಡು ಇಟ್ಟರು, ಸೀಳಿತು. ಆಮೇಲೆ ಕಬ್ಬಿಣ. ಬಾನೆಟ್ ಎತ್ತಿ, "ನೋಡೇ, ಇಂಜಿನ್ ಒಂಚೂರೂ ಅಲ್ಲಾಡಲ್ಲ!" ಎಂದು ಬೀಗಿದರು.

ನಿಜ, ಇಂಜಿನ್ ಅಲ್ಲಾಡಲಿಲ್ಲ. ಅಲ್ಲಾಡಿದವರು ಒಳಗೆ ಕೂತ ನಾವು. ಗ್ರೈಂಡಿಂಗ್ ಮೆಷಿನ್ ಹಿಡಿದೂ ಹಿಡಿದೂ ಜಡ್ಡುಗಟ್ಟಿದ ಅವರ ಕೈಗೆ ಸ್ಟೀರಿಂಗಿನ ನಡುಕ ಯಾವ ಲೆಕ್ಕ! ವರ್ಷವಿಡೀ ಹೇಳಿದೆ. ಕೇಳಬೇಕಲ್ಲ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅಷ್ಟರಲ್ಲಿ ಅತ್ತೆಗೆ ಬೆನ್ನಿನ ಆಪರೇಷನ್ ಆಯಿತು. ಮನೆಗೆ ಕರೆದೊಯ್ಯುವಾಗ ಮೈ ಕುಲುಕಬಾರದು ಎಂದು ಡಾಕ್ಟರು ಒತ್ತಿ ಹೇಳಿದರು. ಈ ಮಹಾನುಭಾವರು ನೇರ ಶೆಡ್ಡಿಗೆ ಹೋಗಿ ಇನ್ನೂ ದಪ್ಪನೆಯ ಕಬ್ಬಿಣ ಕೊಯ್ಯತೊಡಗಿದರು! ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ರೀ ಇದು?"

"ಅಮ್ಮ ಬರ್ತಾಳಲ್ಲ, ಇನ್ನೂ ಗಟ್ಟಿ ಮಾಡ್ತಿದೀನಿ."

"ಇಂಜಿನ್ ನಡುಕ ಎಲ್ಲಿಗ್ರೀ ಹೋಗುತ್ತೆ? ನಿಮ್ಮಮ್ಮನ ಹೊಲಿಗೆಗೇ ಬರುತ್ತೆ! ಬಾಡಿಗೆ ಕಾರು ಮಾಡಿ."

"ಮನೇಲಿ ಕಾರಿಟ್ಕೊಂಡು ಬಾಡಿಗೆ ಕಾರಾ? ನಾಲ್ಕು ಜನ ಏನಂತಾರೆ?"

ನಾಲ್ಕು ಜನರ ಮನೆ ಹಾಳಾಗ. ಕೀಲಿ ಕಿತ್ತುಕೊಂಡೆ. "ಹಿಂದಿನ ಸೀಟಲ್ಲಿ ಮಲಗಿ. ನಿಮ್ಮಮ್ಮ ಮಲಗೋ ಹಾಗೇ." ಗೊಣಗುತ್ತಾ ಮಲಗಿದರು. ನಾನು ಓಡಿಸಿದೆ. ಬೀದಿಯ ತಿರುವು ದಾಟುವ ಮುಂಚೆಯೇ "ನಿಲ್ಸೇ, ನಿಲ್ಸು" ಎಂಬ ಕೂಗು. ಎದ್ದು ಕೂತವರು ದವಡೆ ಸವರಿಕೊಳ್ಳುತ್ತಾ ಇಳಿದು ಬಾನೆಟ್ ಎತ್ತಿದರು.

ಆಮೇಲೆ ಪಂಕ್ಚರ್ ಅಂಗಡಿಯಿಂದ ಲಾರಿಯ ಹಳೇ ಟೈರು ಬಂತು. ಎಣ್ಣೆ ತಾಗಿದರೆ ಆ ರಬ್ಬರ್ ಕೊಳೆಯುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ್ದನಂತೆ, ಅದಕ್ಕೆ ಮೇಲೊಂದು ತಗಡಿನ ಮುಚ್ಚಳ. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಡುವೆ ರಬ್ಬರ್ ಕೂರಿಸಿದರು. ಸ್ಟಾರ್ಟ್ ಮಾಡಿದಾಗ ಇಂಜಿನ್ ಗಡಗಡ ಕುಣಿಯಿತು. ಹೆತ್ತ ಮಗನೇ ಬೀದಿಯಲ್ಲಿ ಮಾನ ಕಳೆದನೇನೋ ಎಂಬಂತೆ ಇವರು ಮುಖ ತಿರುಗಿಸಿದರು. ಒಳಗೆ ಮಾತ್ರ ಹಾಯಾಗಿತ್ತು.

ಆಸ್ಪತ್ರೆಯಿಂದ ಬರುವಾಗ ಅತ್ತೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಅರ್ಧ ದಾರಿಯಲ್ಲಿ, ಕಾರು ಓಡಿಸುತ್ತಿದ್ದ ಮಗನನ್ನು ಕೇಳಿದರು: "ಬಾಡಿಗೆ ಕಾರು ತಂದ್ಯೇನೋ?"

"ಇಲ್ಲಮ್ಮ, ನಮ್ದೇ."

"ಹೌದಾ? ಇದ್ರಲ್ಲಿ ಕೂತ್ರೆ ಸೊಂಟ ಕಿತ್ತು ಬರ್ತಿತ್ತಪ್ಪ. ಕೈಯಾರೆ ಮಾಡಿದೀಯ, ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ."

ಇವರು ಕಾರನ್ನು ರಸ್ತೆ ಬದಿಗೆ ಹಾಕಿ ನಿಲ್ಲಿಸಿದರು. ಸ್ಟೀರಿಂಗಿಗೆ ಹಣೆ ಹಚ್ಚಿದರು. ಭುಜ ಅದುರುತ್ತಿತ್ತು. ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೂ ಹೊಟ್ಟೆ ಉರಿಯಿತು. ವರ್ಷವಿಡೀ ಗಂಟಲು ಹರಿಯುವಂತೆ ಕೂಗಿದವಳು ನಾನು. ನನ್ನ ಸೊಂಟವೂ ಸೊಂಟವೇ ಅಲ್ಲವೇ?