ಹನ್ನೊಂದು ವಾರದ ‘ಪೂರ್ತಿ’

ತಕ್ಕಡಿ ಅಕ್ಕ ಯಾರ ಮನೆಗೆ ಹೋದರೂ ಹೆಗಲ ಚೀಲದಿಂದ ಮೊದಲು ಹೊರಬರುವುದು ಅಂಗೈಯಗಲದ ತಕ್ಕಡಿ. ಆಮೇಲೆ ದಾರಕ್ಕೆ ಪೋಣಿಸಿದ ನಾಲ್ಕು ಅಳತೆ ಚಮಚ. ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ; ಆಫೀಸಿನವರ ಬಾಯಲ್ಲೂ ಅವಳು ತಕ್ಕಡಿ ಅಕ್ಕನೇ. ಆಸ್ಪತ್ರೆಯಿಂದ ಮನೆಗೆ ಬಂದ ರೋಗಿಗಳ ಅಡುಗೆಮನೆಗೆ ಹೋಗಿ, ಡಯಟಿಷಿಯನ್ ಬರೆದುಕೊಟ್ಟ ಪಟ್ಟಿಯಂತೆ ಬೇಯಿಸಿ, ಬಡಿಸಿ, ಪಾತ್ರೆ ತೊಳೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆದು ಹೊರಡುವುದು ಅವಳ ಕೆಲಸ. ಒಂದು ಮನೆಗೆ ಐವತ್ತು ನಿಮಿಷ. ಹತ್ತೊಂಬತ್ತು ವರ್ಷದಿಂದ ಇದೇ. ಕಿಡ್ನಿ ಕೆಟ್ಟವರ ತರಕಾರಿಯನ್ನು ಎಷ್ಟು ಸಲ ಬೇಯಿಸಿ ನೀರು ಚೆಲ್ಲಬೇಕು, ಹೃದಯದ ಕಾಯಿಲೆಯವರಿಗೆ ಉಪ್ಪು ಯಾವ ಚಮಚದಲ್ಲಿ ಎಷ್ಟು ಎಂಬುದೆಲ್ಲ ಬಾಯಿಪಾಠ. ಅವಳ ಕೈಯಿಂದ ಒಂದು ಕ್ಯಾರೆಟ್ಟೂ ತೂಗದೆ ಪಾತ್ರೆಗೆ ಬಿದ್ದದ್ದಿಲ್ಲ.

ಇಂಥವಳು ಹನ್ನೊಂದು ವಾರ ಸುಳ್ಳು ಬರೆದಳು. ಭಾನುವಾರವೊಂದನ್ನು ಬಿಟ್ಟು ದಿನಾ, ತನ್ನ ದುಂಡಗಿನ ಅಕ್ಷರದಲ್ಲಿ.

ಆ ಹಾಳೆಯ ವಿಷಯ ಮೊದಲು ಹೇಳಬೇಕು. ಅದನ್ನು ರೂಪಿಸಿದವರು ಯಾರ ಮನೆಯ ಅಡುಗೆಮನೆಯನ್ನೂ ಹೊಕ್ಕು ನೋಡಿದವರಲ್ಲ. ತಾರೀಕು, ಏನು ಬಡಿಸಿದೆ, ಎಷ್ಟು ತಿಂದರು, ಶನಿವಾರದ ತೂಕ, ಅಷ್ಟೆ. ‘ಎಷ್ಟು ತಿಂದರು’ ಎಂಬ ಕಾಲಮ್ಮಿನಲ್ಲಿ ಮೂರೇ ಮಾತು ಬರೆಯಬಹುದು: ಪೂರ್ತಿ, ಅರ್ಧ, ಇಲ್ಲ. ಯಾಕೆ ಎಂದು ಕೇಳುವ ಕಾಲಂ ಆ ಹಾಳೆಯಲ್ಲಿ ಇರಲಿಲ್ಲ. ಒಂದೇ ವಾರದಲ್ಲಿ ಮೂರು ‘ಅರ್ಧ’ ಬಿತ್ತೋ, ಆಫೀಸಿನಿಂದ ಕಾಗದ ಬರುತ್ತಿತ್ತು: ಸೇವೆಯಿಂದ ಪ್ರಯೋಜನ ಕಾಣುತ್ತಿಲ್ಲವಾದ್ದರಿಂದ ನಿಲ್ಲಿಸಲಾಗಿದೆ, ಕಾಯುವ ಪಟ್ಟಿಯಲ್ಲಿ ಮುಂದಿನವರಿಗೆ ಅವಕಾಶ ಕೊಡಲಾಗಿದೆ. ಎಂದರೆ, ಯಾರಿಗೆ ಅನ್ನ ಗಂಟಲಿಗಿಳಿಯುತ್ತಿಲ್ಲವೋ ಅವರ ಅಡುಗೆಯವಳನ್ನೇ ವಾಪಸು ಕರೆಸಿಕೊಳ್ಳುವುದು. ಇದನ್ನು ನಿಯಮ ಎಂದು ಅಚ್ಚು ಹಾಕಿಸಿದ ಮಹಾನುಭಾವರು ಮಧ್ಯಾಹ್ನ ಹೊಟ್ಟೆ ತುಂಬ ಉಂಡಿದ್ದಿರಬೇಕು.

ತಕ್ಕಡಿ ಅಕ್ಕನಿಗೆ ಆ ಕಾಗದದ ಪರಿಚಯ ಚೆನ್ನಾಗಿತ್ತು. ಹಿಂದಿನ ವರ್ಷ ಒಬ್ಬ ದರ್ಜಿ ಹೆಂಗಸಿನ ಮನೆಗೆ ಹೋಗುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಬರೆದಳು: ಅರ್ಧ, ಅರ್ಧ, ಅರ್ಧ. ಸೋಮವಾರ ಹೋಗುವಷ್ಟರಲ್ಲಿ ಕಾಗದ ಬಂದಿತ್ತು. ದರ್ಜಿ ಬಾಗಿಲಲ್ಲೇ ನಿಂತು, “ನಾನೇನು ನಿಮ್ಮ ಗಂಟು ತಿಂದಿದ್ನಾ ಅಕ್ಕಾ?” ಎಂದಿದ್ದಳು. ಆ ಮಾತು ಅಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡು ಅಲ್ಲೇ ಉಳಿಯಿತು.

ಆಮೇಲೆ ಸಿಕ್ಕ ಮನೆ ಅನೌನ್ಸರ್ ಅವರದು. ಬಸ್ ನಿಲ್ದಾಣದಲ್ಲಿ ಮೂವತ್ತೆಂಟು ವರ್ಷ ಮೈಕಿನ ಮುಂದೆ ಕೂತಿದ್ದವರು. ಊರಿನ ಜನಕ್ಕೆಲ್ಲ ಅವರ ದನಿ ಗೊತ್ತು, ಮುಖ ಗೊತ್ತಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷ. ಎರಡನೇ ಮಹಡಿಯಲ್ಲಿ ಎರಡು ಕೋಣೆ, ಬೀದಿಯ ಕಡೆ ಕಿಟಕಿ, ಕಿಟಕಿಯ ಪಕ್ಕ ಕುರ್ಚಿ. ಮಗಳಿಗೆ ಅದೇ ಊರಿನ ಇನ್ನೊಂದು ತುದಿಯ ಲಾಂಡ್ರಿಯಲ್ಲಿ ಕೆಲಸ. ಭಾನುವಾರ ಬಂದು ಬಟ್ಟೆ ಒಗೆದು, ಮನೆ ಒರೆಸಿ ಹೋಗುವಳು. ಅನೌನ್ಸರರ ಹೃದಯದ ಕವಾಟ ಕೆಟ್ಟಿತ್ತು. ಆಪರೇಷನ್ ಮಾಡಬೇಕು, ಆದರೆ ನಲವತ್ತಾರು ಕೆ.ಜಿ.ಯ ಮೈ ಅದನ್ನು ತಡೆದುಕೊಳ್ಳುವುದಿಲ್ಲ, ಮೂರು ತಿಂಗಳಲ್ಲಿ ಐವತ್ತಕ್ಕೆ ತನ್ನಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ನಾಲ್ಕು ಕೆ.ಜಿ. ಬಂದರೆ ಆಪರೇಷನ್, ಬರದಿದ್ದರೆ ಇಲ್ಲ. ಲೆಕ್ಕ ಇಷ್ಟು ಸರಳವಾಗಿತ್ತು.

ಮೊದಲ ದಿನವೇ ಅಕ್ಕ ತಡವಾಗಿ ಹೋದಳು. ಕಿಟಕಿಯ ಪಕ್ಕದಿಂದ ಗಂಭೀರವಾದ ದನಿ ಕೇಳಿಸಿತು.

“ಪ್ರಯಾಣಿಕರ ಗಮನಕ್ಕೆ. ಹನ್ನೊಂದು ಗಂಟೆಗೆ ಬರಬೇಕಾಗಿದ್ದ ತಕ್ಕಡಮ್ಮನವರು ಹನ್ನೆರಡು ನಿಮಿಷ ತಡವಾಗಿ ಅಡುಗೆಮನೆ ತಲುಪಲಿದ್ದಾರೆ. ಅಡಚಣೆಗಾಗಿ ವಿಷಾದಿಸುತ್ತೇವೆ.”

ಅವಳು ನಕ್ಕು ನಕ್ಕು ಮೊಟ್ಟೆ ತೂಗುವುದನ್ನೇ ಮರೆಯುವುದರಲ್ಲಿದ್ದಳು. ಅವತ್ತಿನಿಂದ ತಕ್ಕಡಿ ಅಕ್ಕ ಆ ಮನೆಯಲ್ಲಿ ತಕ್ಕಡಮ್ಮ.

ವಾರ ತುಂಬುವ ಮೊದಲು, ತರಕಾರಿ ಸಿಪ್ಪೆ ಹಾಕಲು ಕಸದ ಬುಟ್ಟಿ ಎಳೆದಾಗ ಅಡಿಯಲ್ಲಿ ಪೇಪರಿನ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ನಿನ್ನೆಯ ಕೋಳಿ ತುಂಡು, ಬೀನ್ಸು, ಮೊನ್ನೆಯದೂ ಒಂದಿಷ್ಟು. ಅವಳು ಅದನ್ನು ಹಿಡಿದು ಬಂದು ಅವರ ಮುಂದೆ ನಿಂತಳು. ಅನೌನ್ಸರ್ ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ಕಿಟಕಿಯ ಕಡೆ ತಿರುಗಿದರು. ಬಾಯಿಗೆ ಏನೂ ಹಿಡಿಸುತ್ತಿಲ್ಲ, ನಾಲ್ಕು ದಿನ ಹೋದರೆ ಸರಿಹೋಗುತ್ತದೆ ಎಂದರು. ಹಾಳೆಯಲ್ಲಿ ಏನು ಬರೆಯುತ್ತೀರಿ ಎಂದು ಕೇಳಿದರು. ಇದ್ದದ್ದನ್ನೇ ಬರೀತೀನಿ ಎಂದಳು ಅವಳು.

“ಬರೆದ್ರೆ ನಿಮ್ಮನ್ನ ನಿಲ್ಲಿಸಿಬಿಡ್ತಾರೆ ಅಲ್ವಾ? ನನಗೆ ಊಟ ಇಲ್ದಿದ್ರೂ ನಡಿಯತ್ತೆ ತಕ್ಕಡಮ್ಮ. ನೀವು ಬರೋದು ನಿಲ್ಲಬಾರದು.”

ಅವಳಿಗೆ ದರ್ಜಿಯ ಬಾಗಿಲು ನೆನಪಾಯಿತು. ಪೆನ್ನು ತೆಗೆದಳು. ನಾಲ್ಕು ದಿನದ ಮಟ್ಟಿಗೆ ಅಂದುಕೊಂಡೇ ‘ಪೂರ್ತಿ’ ಎಂದು ಬರೆದಳು.

ಅದಾದ ಮೇಲೆ ರುಚಿಯ ಹಿಂದೆ ಬಿದ್ದಳು. ಉಪ್ಪಿಲ್ಲದ ಅಡುಗೆ ಯಾರ ನಾಲಿಗೆಗೆ ಹಿಡಿಸೀತು ಎಂದು ತಾನೇ ತೀರ್ಮಾನ ಮಾಡಿಕೊಂಡು, ಪಟ್ಟಿಯ ಗೆರೆ ದಾಟದ ಹಾಗೆ ನಿಂಬೆ ಹಿಂಡಿದಳು, ಕಾಳುಮೆಣಸು ಕುಟ್ಟಿ ಉದುರಿಸಿದಳು, ಬೆಳ್ಳುಳ್ಳಿ ಹುರಿದಳು. ಕೋಳಿಯನ್ನು ಹೊಂಬಣ್ಣ ಬರುವ ತನಕ ಗರಿಗರಿಯಾಗಿ ಹುರಿದಳು. ಅವರು ಸೂಪು ಕುಡಿಯುತ್ತಿದ್ದರು, ಹಾಲು ಕುಡಿಯುತ್ತಿದ್ದರು, ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಅದ್ದಿ ಒಂದು ಚೂರು ತಿನ್ನುತ್ತಿದ್ದರು. ಗರಿಗರಿ ಕೋಳಿಯನ್ನು ಚಮಚದಲ್ಲಿ ಅತ್ತಿಂದಿತ್ತ ತಳ್ಳಿ, “ಘಮ ಚೆನ್ನಾಗಿದೆ” ಎನ್ನುತ್ತಿದ್ದರು. ಮೆತ್ತಗಿದ್ದದ್ದು ಹೋಗುತ್ತದೆ, ಗಟ್ಟಿ ಇದ್ದದ್ದು ಉಳಿಯುತ್ತದೆ ಎಂಬುದು ತಟ್ಟೆಯಲ್ಲೇ ಕಾಣುವ ಹಾಗಿತ್ತು. ಅವಳೂ ನೋಡಿದಳು, ಹತ್ತೊಂಬತ್ತು ವರ್ಷ ತಟ್ಟೆ ನೋಡಿ ಪಳಗಿದ ಕಣ್ಣಿನಲ್ಲೇ. ಆದರೆ ಮುಂದಿನ ಮನೆಗೆ ಓಡಬೇಕು; ‘ಪೂರ್ತಿ’ ಎಂದು ಬರೆಯುವುದು ಹೇಗೂ ನಿಕ್ಕಿಯಾಗಿರುವಾಗ ಉಳಿದದ್ದೇನು, ಯಾಕೆ ಎಂದು ಯೋಚಿಸುವ ಗೋಜೇ ಇಲ್ಲ. ಸುಳ್ಳಿನಿಂದ ಆಗುವ ದೊಡ್ಡ ಅನುಕೂಲ ಇದೇ, ಅದು ನಮ್ಮ ಕೆಲಸ ಕಡಿಮೆ ಮಾಡುತ್ತದೆ.

ಮನೆಯ ತೂಕದ ಯಂತ್ರ ತೋರಿಸಿದ ಅಂಕಿಯನ್ನು ಮಾತ್ರ ಅವಳು ಸರಿಯಾಗಿ ಬರೆದಳು. ತೂಕದ ವಿಷಯದಲ್ಲಿ ಸುಳ್ಳು ಹೇಳಲು ಕೈ ಬರಲಿಲ್ಲ. ನಲವತ್ತೈದೂವರೆ. ನಲವತ್ತೈದು. ನಲವತ್ತನಾಲ್ಕು.

ಅದೇ ಆಪತ್ತಾಯಿತು. ಪ್ರತಿ ಶನಿವಾರ ಹಾಳೆಯ ಫೋಟೊ ಫೋನಿನಲ್ಲಿ ಡಯಟಿಷಿಯನ್ ಮೇಡಂಗೆ ಹೋಗುತ್ತಿತ್ತು. ಆಕೆ ಇನ್ನೂ ಮೂವತ್ತು ತುಂಬದ ಹುಡುಗಿ, ಚುರುಕು; ತಲೆಯ ಮೇಲೆ ಅರವತ್ತೆಂಟು ರೋಗಿಗಳು. ಪೂರ್ತಿ ತಿನ್ನುತ್ತಿದ್ದಾರೆ, ಮೈ ಇಳಿಯುತ್ತಿದೆ. ಮೊದಲು ಅಳತೆ ಹೆಚ್ಚಿಸಿದಳು, ಎರಡು ಮೊಟ್ಟೆ, ಬೆಣ್ಣೆ. ತಟ್ಟೆ ದೊಡ್ಡದಾಯಿತು, ಪೊಟ್ಟಣವೂ ದೊಡ್ಡದಾಯಿತು. ಆಮೇಲೆ, ತಿಂದದ್ದು ಮೈಗೆ ಹತ್ತದೆ ಎಲ್ಲಿ ಹೋಗುತ್ತಿದೆ ಎಂಬ ಅನುಮಾನ. ಥೈರಾಯ್ಡು, ಕರುಳು, ಒಳಗೇನಾದರೂ ಗಡ್ಡೆಯೋ ಎಂದು ಒಂದಾದ ಮೇಲೊಂದು ಪರೀಕ್ಷೆ. ಒಂದೊಂದಕ್ಕೂ ಹತ್ತು ದಿನ ಕಾಯಬೇಕು. ಮಗಳು ರಜೆ ಹಾಕಿ ಅಪ್ಪನನ್ನು ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದಳು. ಇಲ್ಲದ ರೋಗವನ್ನು ಹುಡುಕುವುದರಲ್ಲಿ ಆರು ವಾರ ಕಳೆಯಿತು.

ಅಷ್ಟರಲ್ಲಿ ಕಿಟಕಿಯ ಪಕ್ಕದ ಘೋಷಣೆಗಳೂ ನಿಂತಿದ್ದವು. ತಕ್ಕಡಮ್ಮ ತಡವಾಗಿ ಬಂದರೂ ಸುಮ್ಮನೆ ಕೈ ಎತ್ತುವರು. ಮಾತಾಡಿದರೂ ಒಂದೆರಡು ಶಬ್ದ, ಅದೂ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು. ನಿಶ್ಶಕ್ತಿ ಎಂದುಕೊಂಡಳು ಅವಳು. ನಾಲ್ಕು ದಿನದ ಸುಳ್ಳನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಹಾಳೆಗಳ ಕಟ್ಟು ಅಷ್ಟು ದಪ್ಪವಾಗಿತ್ತು. ಎರಡು ಸಲ ಮೇಡಂಗೆ ಫೋನ್ ಮಾಡಿದಳು. ಎರಡು ಸಲವೂ ಆ ಕಡೆ ಹಲೋ ಅನ್ನುತ್ತಿದ್ದಂತೆ, ಬೇರೆ ರೋಗಿಯ ಉಪ್ಪಿನ ವಿಷಯ ಕೇಳಿ ಇಟ್ಟುಬಿಟ್ಟಳು.

ಹನ್ನೆರಡನೇ ವಾರ ಮೇಡಂ ತಾನೇ ಮನೆಗೆ ಬಂದಳು. ಅವತ್ತು ತೂಕ ನಲವತ್ತೆರಡೂವರೆ. ಆಕೆ ಪರೀಕ್ಷೆಯ ಕಾಗದ ಬಿಚ್ಚಲಿಲ್ಲ. ಸ್ಟೂಲ್ ಎಳೆದುಕೊಂಡು ಅನೌನ್ಸರರ ಎದುರು ಕೂತು, ಒಂದು ತುಂಡು ಬ್ರೆಡ್ ಕೊಟ್ಟು ನನ್ನೆದುರು ತಿನ್ನಿ ಎಂದಳು. ಅವರ ಕೈ ಹಾಲಿನ ಲೋಟದ ಕಡೆ ಹೋಯಿತು. ಹಾಲು ಬೇಡ, ಹಾಗೇ ತಿನ್ನಿ ಎಂದಳು. ಅವರು ಕಚ್ಚಿದರು. ಕಣ್ಣಲ್ಲಿ ನೀರು ಬಂತು.

“ಬಾಯಿ ತೆರೀರಿ ಸರ್.”

ಕಟ್ಟಿಸಿದ ಹಲ್ಲಿನ ಸೆಟ್ಟು. ಮೈ ಇಳಿದ ಹಾಗೆ ವಸಡೂ ಕುಗ್ಗಿ ಸೆಟ್ಟು ಸಡಿಲವಾಗಿ, ಅಗಿದಾಗಲೆಲ್ಲ ಉಜ್ಜಿ ಉಜ್ಜಿ ವಸಡಿನುದ್ದಕ್ಕೂ ಕೆಂಪು ಹುಣ್ಣು. ಅದು ಕಟ್ಟಿಸಿದ ಹಲ್ಲು ಎಂಬುದೇ ತಕ್ಕಡಿ ಅಕ್ಕನಿಗೆ ಅವತ್ತಿನ ತನಕ ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಮೇಡಂ ಕೇಳಿದಾಗ ಅನೌನ್ಸರ್ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿಟ್ಟು, ಗಾಳಿ ಸೋರುವ ಬಾಯಲ್ಲಿ ನಿಧಾನವಾಗಿ ಹೇಳಿದರು. ಮೂವತ್ತೆಂಟು ವರ್ಷ ಊರಿನ ಜನ ತನ್ನ ಮಾತು ಕೇಳಿ ಬಸ್ಸು ಹತ್ತಿದ್ದಾರಂತೆ. ಮಾತಿನ ನಡುವೆ ಹಲ್ಲು ಜಾರುತ್ತದೆ ಎಂದು ಯಾವ ಬಾಯಲ್ಲಿ ಹೇಳಲಿ ಎಂದರು.

ಪರೀಕ್ಷೆಗೆ ಆರು ವಾರ ಹಿಡಿದಿತ್ತು, ಇದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಒಂದೇ ಒಂದು ‘ಅರ್ಧ’ ಕಂಡಿದ್ದರೆ ಈ ಒಂದು ನಿಮಿಷ ಮೂರನೇ ವಾರದಲ್ಲೇ ಬರುತ್ತಿತ್ತು.

ಮೇಡಂ ಎದ್ದು ಅಡುಗೆಮನೆಗೆ ಬಂದಳು. ಫ್ರಿಜ್ಜಿನ ಹಾಳೆಯನ್ನು ಬೆರಳಿನಲ್ಲಿ ಮೇಲಿನಿಂದ ಕೆಳಕ್ಕೆ ಸವರಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಆಫೀಸಿನ ನಿಯಮ ನನಗೂ ಗೊತ್ತಕ್ಕ. ಎಲ್ಲರ ಹಾಳೆನೂ ಅನುಮಾನದಿಂದಲೇ ಓದ್ತೀನಿ. ನಿಮ್ಮದೊಂದನ್ನ ಮಾತ್ರ ಕಣ್ಣು ಮುಚ್ಚಿ ನಂಬಿದ್ದೆ.”

ಮಾರನೇ ದಿನದಿಂದ ಎಲ್ಲ ಅರೆದದ್ದು, ಹಿಸುಕಿದ್ದು, ಸೋಸಿದ್ದು. ಕೋಳಿಯನ್ನು ನೂಲಿನ ಹಾಗೆ ಬಿಡಿಸಿ ಸೂಪಿನಲ್ಲಿ ಅರೆದಳು; ಆಲೂಗಡ್ಡೆಗೆ ಬೆಣ್ಣೆ ಹಾಕಿ ಗಂಟಿಲ್ಲದಂತೆ ನಾದಿದಳು. ಐವತ್ತು ನಿಮಿಷ ಎಂಬತ್ತಾಯಿತು, ಯಾರನ್ನೂ ಕೇಳಲಿಲ್ಲ. ಅನೌನ್ಸರ್ ತಟ್ಟೆ ಬಳಿದು ತಿಂದರು. ಇಷ್ಟು ದಿನ ಆ ಮನುಷ್ಯ ಹಸಿದೇ ಇದ್ದರು, ಅಷ್ಟೆ. ಮೂರು ವಾರದಲ್ಲಿ ನಲವತ್ತನಾಲ್ಕಕ್ಕೆ ಬಂದರು. ಆದರೆ ಆಸ್ಪತ್ರೆಯವರು ನೋಡಿ, ಈ ನಡುವೆ ಹೃದಯ ಸೋತುಬಿಟ್ಟಿದೆ, ಇನ್ನು ಐವತ್ತಲ್ಲ, ಅರವತ್ತಾದರೂ ಆಪರೇಷನ್ ಆಗುವುದಿಲ್ಲ ಎಂದು ಕಡತ ಮುಚ್ಚಿದರು.

ಆಮೇಲೂ ಐದು ವಾರ ಅವಳು ಹೋದಳು. ಹಲ್ಲಿಲ್ಲದ ಬಾಯಲ್ಲಿ ಅವರು ಮತ್ತೆ ಘೋಷಣೆ ಶುರು ಮಾಡಿದ್ದರು. ಅಕ್ಷರಗಳೆಲ್ಲ ಪುಸ್ ಪುಸ್ ಎನ್ನುತ್ತಿದ್ದವು, ನಾಚಿಕೆ ಬಿಟ್ಟಿದ್ದರು. ಒಂದು ದಿನ ಮೂರು ಚಮಚಕ್ಕೇ ಕೈ ಅಡ್ಡ ಹಿಡಿದು, ಅವಳು ಪೆನ್ನು ತೆಗೆದಾಗ ಕರೆದು ಹೇಳಿದರು: “ಮೂರು ಚಮಚ ಅಂತ ಬರೀರಿ ತಕ್ಕಡಮ್ಮ.” ಅವಳು ಹಾಗೇ ಬರೆದಳು. ಮೂರು ದಿನ ಬಿಟ್ಟು, ಒಂದು ಮಂಗಳವಾರ ಬೆಳಿಗ್ಗೆ, ಅವಳು ಹೋಗುವ ಮೊದಲೇ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು.

ಮಗಳು ಮನೆ ಖಾಲಿ ಮಾಡುವ ದಿನ ಅಕ್ಕನನ್ನು ಕರೆಸಿದಳು. ಹಾಳೆಗಳ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದಳು. ಹಲ್ಲಿನ ವಿಷಯ ಅವಳಿಗೆ ಗೊತ್ತಿತ್ತು, ಅದು ಕೊನೆಗೆ ಬಂದ ತೊಂದರೆ ಎಂದೇ ತಿಳಿದಿದ್ದಳು. ಅಲ್ಲಿಯ ತನಕವಾದರೂ ಅಪ್ಪ ದಿನಾ ಹೊಟ್ಟೆ ತುಂಬ ಉಂಡರಲ್ಲ, ಈ ಹಾಳೆಗಳನ್ನು ನನಗೇ ಕೊಟ್ಟುಬಿಡಿ, ಇಟ್ಟುಕೊಳ್ಳುತ್ತೇನೆ ಎಂದಳು. ನಿಮ್ಮ ಕೈಗೆ ಪುಣ್ಯ ಬರಲಿ ಎಂದಳು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮೇಡಂ ಹೇಳಿರಲಿಲ್ಲ, ಹೇಳುವವಳೂ ಅಲ್ಲ. ಆದರೆ ಆ ಕಟ್ಟನ್ನು ಮಗಳು ಮನೆಗೊಯ್ದು ಜೋಪಾನ ಮಾಡುತ್ತಾಳೆ ಎಂಬುದನ್ನು ತಕ್ಕಡಿ ಅಕ್ಕನಿಗೆ ಸಹಿಸಲಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದಳು. ಪೊಟ್ಟಣ, ನಾಲ್ಕು ದಿನ, ದರ್ಜಿ, ಹೇಳಬೇಕೆಂದಿದ್ದು ಹೇಳದೆ ಇಟ್ಟ ಫೋನು. ತಪ್ಪನ್ನು ನಿಯಮದ ಮೇಲೆ ಹೊರಿಸಲು ಹೋಗಿ, ಅರ್ಧಕ್ಕೇ ನಿಲ್ಲಿಸಿದಳು.

ಮಗಳು ಕಟ್ಟನ್ನು ಎದೆಯಿಂದ ಕೆಳಗಿಳಿಸಿದಳು.

“ಭಾನುವಾರ ಬಂದಾಗ ಅಪ್ಪ ಸಣ್ಣಗಾಗಿದ್ದು ಕಾಣ್ತಿತ್ತು. ಫ್ರಿಜ್ಜಿನ ಮೇಲೆ ಪೂರ್ತಿ ಪೂರ್ತಿ ಅಂತ ನೋಡಿ, ನಿಶ್ಚಿಂತೆಯಿಂದ ನೆಲ ಒರೆಸಿ ಹೋಗ್ತಿದ್ದೆ. ಒಂದು ದಿನಾನೂ ಎದುರು ಕೂತು ಊಟ ಮಾಡಿಸಲಿಲ್ಲ.” ಕಟ್ಟನ್ನು ಅಕ್ಕನ ಕೈಗೆ ತುರುಕಿದಳು. “ಇದನ್ನ ನೀವೇ ಇಟ್ಕೊಳ್ಳಿ. ಇನ್ನು ಹೊರಡಿ ಅಕ್ಕ. ನಿಮ್ಮನ್ನ ನೋಡೋಕೆ ನನ್ನಿಂದ ಆಗಲ್ಲ.”

ಅಕ್ಕ ಆಫೀಸಿಗೆ ಹೋಗಿ ಅಲ್ಲೂ ಹೇಳಿದಳು. ಮೇಜಿನ ಆ ಕಡೆಯವರು ಮುಂದೆ ಸರಿಯಾಗಿ ತುಂಬಬೇಕೆಂದು ತಾಕೀತು ಮಾಡಿ, ಕೆಳಗೆ ಸಹಿ ಹಾಕಿಸಿಕೊಂಡರು. ಮೂರು ‘ಅರ್ಧ’ದ ನಿಯಮ ಇವತ್ತಿಗೂ ಹಾಗೇ ಇದೆ. ಅದಕ್ಕೆ ಯಾರೂ ಸಹಿ ಹಾಕಬೇಕಾಗಿ ಬರಲಿಲ್ಲ.

ಈಗ ಅವಳು ಯಾವ ಮನೆಗೆ ಹೋದರೂ ತಕ್ಕಡಿ ತೆಗೆಯುವ ಮೊದಲು ಸ್ಟೂಲ್ ಎಳೆದುಕೊಂಡು ಎದುರು ಕೂರುತ್ತಾಳೆ. ಒಂದು ತುಂಡು ಬ್ರೆಡ್ ಕೊಟ್ಟು, ನನ್ನೆದುರು ತಿನ್ನಿ ಎನ್ನುತ್ತಾಳೆ. ಕೆಲವರು ಮುಖ ಸಿಂಡರಿಸುತ್ತಾರೆ, ಕೆಲವರು ನಗುತ್ತಾರೆ. ಚೀಲದಲ್ಲಿ ತಕ್ಕಡಿಯ ಕೆಳಗೆ ಆ ಕಟ್ಟು ಇದೆ. ಅದೊಂದನ್ನು ಮಾತ್ರ ಅವಳು ಇನ್ನೂ ತೂಗಿ ನೋಡಿಲ್ಲ.