ಕಾಗದದ ಮೇಲಿನ ಗುಲಾಬಿ ಕಲೆ

ವಿಚಿತ್ರ ಅನುಭವಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಲೆನೋವು. ಸಸ್ಯಶಾಸ್ತ್ರ ಓದಿದವಳು ನಾನು. ಕಣ್ಣಿಗೆ ಕಂಡದ್ದನ್ನೂ ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡುವ ಪೈಕಿ. ಅಂಥವಳನ್ನೇ ಒಂದು ಕಾಡುಗಿಡ ಹೀಗೆ ಆಟ ಆಡಿಸಬೇಕೆ?

ತೊಂಬತ್ತರ ದಶಕದ ಕೊನೆ. ಹುಮನಾಬಾದಿನ ಮನೆಯಿಂದ ಬಸವಕಲ್ಯಾಣದ ಕಡೆಗೆಲ್ಲ ಅಲೆದು ಪಿಎಚ್.ಡಿ.ಗಾಗಿ ಗಿಡ ಕೂಡಿಸುತ್ತಿದ್ದೆ. ನಾರಾಯಣಪುರದ ಆಚೆ, ಹಳ್ಳದ ದಂಡೆಯ ಹೊಂಗೆ ಮರಗಳ ನೆರಳಲ್ಲಿ, ಸಣ್ಣ ಗುಲಾಬಿ ಹೂಗೊಂಚಲಿನ ಗಿಡವೊಂದು ಸಿಕ್ಕಿತು. ಗೆಣ್ಣು ಗೆಣ್ಣಿಗೂ ತೆಳು ಪೊರೆ ಸುತ್ತಿಕೊಂಡಿತ್ತು, ಹಾಗಾಗಿ ಯಾವ ಸಸ್ಯಕುಟುಂಬದ್ದೆಂಬ ಅನುಮಾನವಿರಲಿಲ್ಲ. ಆದರೆ ಆ ಕುಟುಂಬದಲ್ಲಿ ಇದು ಯಾರು ಎಂದು ಹೇಳಲು ಹೂವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ನಮ್ಮ ಸೀಮೆಯಲ್ಲಿ ಯಾರೂ ಗುರುತಿಸದ ಗಿಡ ಅದಾಗಿದ್ದರೆ ನನ್ನ ಪ್ರಬಂಧಕ್ಕೆ ಬೆಲೆ ಬರುತ್ತಿತ್ತು. ಹಳೆಯ ಪೇಪರಿನ ನಡುವೆ ಇಟ್ಟು, ಚಪ್ಪಟೆಯಾಗಿ ಒಣಗಲೆಂದು ಎರಡು ಹಲಗೆಗಳ ಮಧ್ಯೆ ಬಿಗಿದು ಮನೆಗೆ ತಂದೆ.

ಮರುದಿನ ಪೇಪರು ಬದಲಿಸಲು ಬಿಚ್ಚಿದರೆ ಎಲೆ, ಕಾಂಡ ಎಲ್ಲ ಇವೆ, ಹೂವಿಲ್ಲ. ನನ್ನ ಸಿಟ್ಟು ನೇರ ಅತ್ತೆಯ ಮೇಲೆ ಹೋಯಿತು. ಹಿಂದೊಮ್ಮೆ ನಾನು ಒಣಗಿಸಲು ತಂದಿದ್ದ ಎಕ್ಕೆಯ ಹೂವು ಅವರ ಲಿಂಗಪೂಜೆಗೆ ಸಂದಿತ್ತು.

"ಹೆಸರ ಗೊತ್ತಿಲ್ಲದ ಹೂವ ನಾ ಲಿಂಗಕ್ಕ ಏರ್ಸಂಗಿಲ್ಲವ್ವಾ" ಎಂದರು ಅತ್ತೆ. ಅಷ್ಟಕ್ಕೇ ಬಿಡಲಿಲ್ಲ. ಮರುವಾರ ತಾವೇ ನನ್ನ ಜತೆ ಹಳ್ಳಕ್ಕೆ ಬಂದು, ಹೂವಿದ್ದ ಟೊಂಗೆಯನ್ನು ಕಣ್ಣಾರೆ ನೋಡಿ, ಹಲಗೆಗೆ ತಮ್ಮ ಕೈಯಿಂದಲೇ ಹಗ್ಗ ಬಿಗಿದರು. ಅಲ್ಲಿಂದ ಇಬ್ಬರೂ ಸೀದಾ ಗುಲ್ಬರ್ಗಾದ ವಿಶ್ವವಿದ್ಯಾಲಯಕ್ಕೆ ಹೋದೆವು. ಹಲಗೆ ದಾರಿಯುದ್ದಕ್ಕೂ ಅವರ ತೊಡೆಯ ಮೇಲೇ ಇತ್ತು. ಗಂಟು ಬಿಚ್ಚಿದ್ದು ನನ್ನ ಗೈಡ್ ಎದುರಿಗೆ.

ಹೂವಿರಲಿಲ್ಲ. ಉದುರಿದ ಒಂದು ಎಸಳೂ ಇರಲಿಲ್ಲ. ಪೇಪರಿನ ಮೇಲೆ ಮಾತ್ರ ಗೊಂಚಲಿನ ಆಕಾರದ ತೆಳು ಗುಲಾಬಿ ಕಲೆ.

"ಹೂವ ನಾನೂ ನೋಡೀನ್ರಿ ಸರ" ಎಂದರು ಅತ್ತೆ.

ಗೈಡ್ ಕನ್ನಡಕ ತೆಗೆದು ಒರೆಸಿಕೊಂಡರು. "ಖರೆ ಇರಬಹುದ್ರಿ. ಆದ್ರ ಕಲೆಗೆ ಹೆಸರ ಇಡಾಕ ಬರಂಗಿಲ್ಲ." ಅಳು ಬರುವಷ್ಟು ರೇಗಿತು ನನಗೆ.

ಆ ಗಿಡವನ್ನು ಕೈಬಿಟ್ಟೇ ಪ್ರಬಂಧ ಮುಗಿಸಿದೆ. ಆಮೇಲೆ ಪ್ರತಿ ವರ್ಷ ಹೋಗಿ ನೋಡಿದ್ದೇನೆ. ಗಿಡ ಅಲ್ಲೇ ಸೊಂಪಾಗಿದೆ. ಹೂ ಬಿಟ್ಟದ್ದನ್ನು ಮತ್ತೆ ಕಂಡಿಲ್ಲ. ಯಾಕೆಂದು ಕೇಳಬೇಡಿ, ಕೇಳಿ ಕೇಳಿ ನನಗೇ ಸಾಕಾಗಿದೆ. ಬರಿಗೈಲಿ ಮನೆಗೆ ಬಂದಾಗಲೆಲ್ಲ ಅತ್ತೆ ಪೂಜೆಯ ಬುಟ್ಟಿ ಹಿಡಿದುಕೊಂಡೇ ವಿಚಾರಿಸುತ್ತಿದ್ದರು: "ಹೆಸರ ಸಿಕ್ತೇನವ್ವಾ?"

ಅವರು ಹೋಗಿ ಈಗ ಕೆಲವು ವರ್ಷಗಳಾದವು. ಹೆಸರು ಇನ್ನೂ ಸಿಕ್ಕಿಲ್ಲ.