ಹಿತ್ತಲಿನ ಶೆಡ್ಡಿನಲ್ಲಿ ಒಗ್ಗರಣೆ

“ಚಳಿಗಾಲದಲ್ಲೂ ನಿಮ್ಮ ಕುಕ್ ಬರ್ತಾರಾ?”

ಹೋದ ಶನಿವಾರ ಪಕ್ಕದ ಮನೆಯ ಡೇವ್ ಹೀಗೆ ಕೇಳಿದ. ಇಂಗ್ಲಿಷಿನಲ್ಲಿ, ತುಂಬ ಮರ್ಯಾದೆಯಿಂದ. ನಮ್ಮ ಮನೆಯಲ್ಲಿ ಕುಕ್ ಇಲ್ಲ. ಅಮೆರಿಕದ ಈ ಮಾನ್ಮತ್ ಜಂಕ್ಷನ್ ಊರಿನಲ್ಲಿ ಯಾರ ಮನೆಯಲ್ಲಿದ್ದಾರೆ ಹೇಳಿ? (ಕೆಲವರು ಡಬ್ಬಿ ಊಟ ತರಿಸುತ್ತಾರೆ, ಅದು ಬೇರೆ ಮಾತು.) ಡೇವ್ ಬೆರಳು ತೋರಿಸಿದ್ದು ನಮ್ಮ ಹಿತ್ತಲಿನ ಮರದ ಶೆಡ್ಡಿನ ಕಡೆಗೆ. ಅದರೊಳಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದವಳು ನನ್ನ ಹೆತ್ತ ತಾಯಿ.

ಅವನಿಗೆ ನಾನೊಂದು ಉತ್ತರ ಕೊಟ್ಟೆ. ಅದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು, ಆಮೇಲೆ ಹೇಳುತ್ತೇನೆ. ಅಮ್ಮ ಶೆಡ್ಡು ಸೇರಿದ್ದು ಹೇಗೆ ಅಂತ ಮೊದಲು ಕೇಳಿ.

ಈ ವರ್ಷ ಏಪ್ರಿಲಿನಲ್ಲಿ ಹಳೇ ಅಡುಗೆಮನೆ ಒಡೆಸಿ ಹೊಸದು ಮಾಡಿಸಿದೆವು. ಬಿಳಿ ಕಲ್ಲಿನ ಕೌಂಟರ್, ಬಿಳಿ ಕ್ಯಾಬಿನೆಟ್, ಗೋಡೆಯೇ ಇಲ್ಲದ ಓಪನ್ ಪ್ಲಾನ್. ಬಂದವರೆಲ್ಲ ‘ವಾವ್’ ಎಂದರು. ಅಮ್ಮ ಇಂಗಿನ ಒಗ್ಗರಣೆ ಹಾಕಿದಳು ನೋಡಿ! ಗೋಡೆ ಇಲ್ಲದ ಮೇಲೆ ವಾಸನೆಗೆ ತಡೆ ಯಾವುದು? ಸೋಫಾ ದಾಟಿ, ಮೆಟ್ಟಿಲು ಹತ್ತಿ, ಕೋಟುಗಳ ಕ್ಲಾಸೆಟ್ಟಿಗೆ ಹೋಗಿ ಕೂತಿತು. ಅದೇ ವಾರ ಮಗಳು ಅನಿಕಾ ಸ್ಕೂಲಿನಿಂದ ಬಂದವಳೇ ಮೈಮೇಲಿನ ಹೂಡಿ ಸ್ವೆಟರ್ ಕಿತ್ತೆಸೆದಳು. “ಮಾಮ್, ಐ ಸ್ಮೆಲ್ ಲೈಕ್ ಲಂಚ್!” ನನ್ನ ಗಂಡ ಶ್ರೀಧರನಿಗೂ ಆಫೀಸಿನ ಎಲಿವೇಟರಿನಲ್ಲಿ ಯಾರೋ ಮೂಗು ಉಜ್ಜಿಕೊಂಡ ಹಾಗೆ ಕಂಡಿತಂತೆ. (ಅವರಿಗೆ ನೆಗಡಿ ಇದ್ದಿರಬಹುದು. ನಾವು ವಿಚಾರಿಸಲಿಲ್ಲ.)

ಹುಲ್ಲು ಕತ್ತರಿಸುವ ಮಷೀನು ಶೆಡ್ಡಿನಿಂದ ಗರಾಜಿಗೆ ಬಂತು. ಎರಡು ಬರ್ನರಿನ ಗ್ಯಾಸ್ ಒಲೆ ಶೆಡ್ಡಿಗೆ ಹೋಯಿತು. ಒಲೆಯ ಹಿಂದೆ ಅಮ್ಮನೂ ಹೋದಳು.

“ಬೇಸಿಗೆ ಅಲ್ವಾಮ್ಮ, ಹೊರಗೆ ಹಾಯಾಗಿರತ್ತೆ” ಎಂದೆ.

“ಹೂಂ ಕಣೇ, ಗಾಳಿ ಚೆನ್ನಾಗಿದೆ” ಎಂದಳು.

ಅಷ್ಟಕ್ಕೇ ನಿಲ್ಲಲಿಲ್ಲ. ಅಡುಗೆ ಮುಗಿಸಿ ಬಂದವಳು ಗರಾಜಿನ ಬಾಗಿಲಿನಿಂದ ಒಳಗೆ ಬರಬೇಕು, ಲಾಂಡ್ರಿ ರೂಮಿನಲ್ಲಿ ಸೀರೆ ಬಿಚ್ಚಿಹಾಕಬೇಕು, ಸ್ನಾನ ಮಾಡಬೇಕು, ಆಮೇಲೆ ಸೋಫಾದ ಮೇಲೆ ಕೂರಬೇಕು. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಹತ್ತಿರ ಬಂದಾಗ ಒಂದೆರಡು ಸಲ ಮೂಗು ಮುರಿದೆವು, ಸಾಕಾಯಿತು.

ಮೈಸೂರಿನಲ್ಲಿ ನಮ್ಮಜ್ಜಿಗೆ ವಿಪರೀತ ಮಡಿ. ಅವರು ಅಡುಗೆಗೆ ನಿಂತಾಗ ಮೊಮ್ಮಕ್ಕಳೂ ಮುಟ್ಟುವಂತಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ನಾನು ಅವರ ಜೊತೆ ಜಗಳವಾಡಿದ್ದೇ ಆಡಿದ್ದು. ಮಡಿ ಮೈಲಿಗೆ ಎಲ್ಲ ಬೂಟಾಟಿಕೆ ಎಂದು ಡಿಬೇಟಿನಲ್ಲಿ ಗುಡುಗಿ ಕಪ್ ಕೂಡ ಗೆದ್ದವಳು ನಾನು! ಅಜ್ಜಿಗೆ ಅಡುಗೆಮನೆಗೆ ಹೋಗಲು ಸ್ನಾನವಾಗಬೇಕಿತ್ತು. ನನ್ನಮ್ಮನಿಗೆ ಅಡುಗೆ ಮಾಡಿ ಮನೆಯೊಳಗೆ ಬರಲು ಸ್ನಾನವಾಗಬೇಕು. ಅವರದ್ದು ಮೂಢನಂಬಿಕೆ, ನಮ್ಮದು ಹೈಜೀನ್.

ನಗಬೇಡಿ. ನಿಮ್ಮಲ್ಲಿ ಎಷ್ಟು ಜನರ ಗರಾಜಿನಲ್ಲಿ, ಡೆಕ್ಕಿನ ಮೇಲೆ ಎರಡನೇ ಒಲೆ ಇಲ್ಲ? ರಾಜ್ಯೋತ್ಸವದ ವೇದಿಕೆ ಹತ್ತಿ ಸಂಸ್ಕೃತಿ ಉಳಿಸಬೇಕು ಎಂದು ಗಂಟಲು ಹರಿದುಕೊಳ್ಳುತ್ತೇವೆ. ಅದರ ವಾಸನೆ ಮಾತ್ರ ಕೋಟಿಗೆ ಅಂಟಬಾರದು.

ನವೆಂಬರ್ ಬಂತು. ಬೆಳಗಾದರೆ ಹುಲ್ಲಿನ ಮೇಲೆ ಬಿಳೀ ಹಿಮ. ಶೆಡ್ಡಿನಲ್ಲಿ ತುಪ್ಪ ಕಲ್ಲಾಗಿ ಚಮಚವೇ ಇಳಿಯದು. ಅಮ್ಮ ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಶ್ರೀಧರನ ಹಳೇ ಜಾಕೆಟ್, ತಲೆಗೆ ಮಫ್ಲರ್ ಸುತ್ತಿಕೊಂಡು ಹುಳಿ ಕುದಿಸುತ್ತಿದ್ದಳು. ಎಪ್ಪತ್ತನಾಲ್ಕು ವರ್ಷ ಅವಳಿಗೆ. ಆಗಲಾದರೂ ನಮಗೆ ಬುದ್ಧಿ ಬರಬೇಕಿತ್ತು. ಬಂತು, ಆದರೆ ಎಂಥ ಬುದ್ಧಿ!

“ಈ ವೀಕೆಂಡ್ ಶೆಡ್ ವಿಂಟರೈಸ್ ಮಾಡ್ಬಿಡೋಣ, ಚಳಿ ಒಳಗೆ ಬರದ ಹಾಗೆ” ಎಂದ ಶ್ರೀಧರ.

ಶನಿವಾರ ಬೆಳಿಗ್ಗೆಯೇ ಶುರು. ಶೆಡ್ಡಿನ ಬುಡಕ್ಕೆ ಒತ್ತಿಕೊಂಡಿದ್ದ ಒದ್ದೆ ಎಲೆಗಳನ್ನು ಗೋರಿ ತೆಗೆದೆವು. ಇಲಿ ಕೊರೆದ ತೂತಿಗೆ ಉಕ್ಕಿನ ನಾರು ತುರುಕಿದೆವು. ಹಲಗೆಗಳ ಸಂದಿಗೆ ಸೀಲೆಂಟ್ ಹಚ್ಚಿದೆವು. ಬಾಗಿಲ ಸುತ್ತ ರಬ್ಬರ್ ಪಟ್ಟಿ. ಮರ ನೀರು ಕುಡಿಯಬಾರದೆಂದು ಹೊರಗಡೆಗೆ ಎರಡು ಕೋಟ್ ಎಣ್ಣೆ. ಹಲಗೆಗೆ ಎಷ್ಟೊಂದು ಉಪಚಾರ! ಒಳಗೋಡೆಗೆ ಹೊಡೆಯಲು ತಂದ ಫೋಮ್ ಬೋರ್ಡುಗಳನ್ನು ಹೊರಗೆ ಒರಗಿಸಿಟ್ಟಿದ್ದೆವು. “ನೀವು ಅದನ್ನ ಹೊಡೆಯೋದ್ರೊಳಗೆ ಸಾರಿನಪುಡಿಗೆ ಹುರ್ಕೊಂಡ್ಬಿಡ್ತೀನಿ” ಎಂದು ಅಮ್ಮ ಒಲೆ ಹಚ್ಚಿದಳು.

ಶ್ರೀಧರ ಏಣಿ ಹತ್ತಿ ಮಾಡಿನ ಕೆಳಗಿನ ಗಾಳಿಕಿಂಡಿಗೆ ಟೇಪ್ ಅಂಟಿಸುತ್ತಿದ್ದ. ಆಗ ಡೇವ್ ಬಂದ. ರಿಟೈರ್ ಆದ ಬಡಗಿ ಅವನು, ಏಣಿ ಕಂಡರೆ ಸುಮ್ಮನಿರಲಾರ.

“ಅದನ್ನ ಮುಚ್ಚಬೇಡಿ. ಮರ ಉಸಿರಾಡಬೇಕು” ಎಂದ. ಆಮೇಲೆ ಒಳಗೆ ಇಣುಕಿದ. ಒಲೆ ಕಂಡಿತು, ಮುಖ ಗಂಭೀರವಾಯಿತು. “ಸಾಮಾನು ಇಡೋ ಶೆಡ್ ಇದು. ಒಲೆ ಉರೀತಾ ಇದ್ರೆ ಬಾಗಿಲು ಕೂಡ ಹಾಕೋ ಹಾಗಿಲ್ಲ. ಕಾರ್ಬನ್ ಮೊನಾಕ್ಸೈಡ್ ತುಂಬಿದ್ರೆ ಗೊತ್ತೇ ಆಗಲ್ಲ, ಪ್ರಾಣ ಹೋಗತ್ತೆ. ಅದಕ್ಕೆ ವಾಸನೆ ಇಲ್ಲ.”

ವಾಸನೆ ಇಲ್ಲ! ಆರು ತಿಂಗಳು ವಾಸನೆಗೆ ಹೆದರಿ ಸತ್ತ ನಾವು ನನ್ನಮ್ಮನನ್ನು ಎಲ್ಲಿ ಕೂಡಿಹಾಕಲು ಹೊರಟಿದ್ದೆವು?

ಆಗಲೇ ಅವನು ಕೇಳಿದ್ದು, ಚಳಿಗಾಲದಲ್ಲೂ ನಿಮ್ಮ ಕುಕ್ ಬರ್ತಾರಾ ಅಂತ. ಆರು ತಿಂಗಳಿಂದ ನೋಡುತ್ತಿದ್ದಾನೆ. ವಯಸ್ಸಾದ ಹೆಂಗಸು ದಿನಾ ಹೊರಗೆ ಬೇಯಿಸುತ್ತಾಳೆ, ಮುಂಬಾಗಿಲಿನಿಂದ ಒಳಗೆ ಹೋಗುವುದಿಲ್ಲ. ಬೇರೆ ಏನೆಂದುಕೊಳ್ಳಬೇಕಿತ್ತು?

‘ಆಕೆ ನನ್ನ ತಾಯಿ’ ಅನ್ನಬಹುದಿತ್ತು. ಅಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಮತ್ತೆ ಶೆಡ್ಡಿನಲ್ಲಿ ಯಾಕಿದ್ದಾರೆ? ಅದಕ್ಕೆ ನನ್ನ ಬಳಿ ಏನಿತ್ತು, ಮಣ್ಣು!

“ನೋ, ನಾಟ್ ಇನ್ ವಿಂಟರ್” ಎಂದುಬಿಟ್ಟೆ.

ಶ್ರೀಧರ ಏಣಿಯ ಮೇಲೆ ನಿಂತೇ ಟೇಪು ಕೀಳತೊಡಗಿದ. ಡೇವ್ ತಲೆಯಾಡಿಸಿ ಹೋದ. ನಾನು ನಾಚಿಕೆಗೆಟ್ಟವಳ ಹಾಗೆ ಶೆಡ್ಡಿನೊಳಗೆ ಹೋಗಿ, ಅಮ್ಮನಿಗೆ ಕಾರ್ಬನ್ ಮೊನಾಕ್ಸೈಡಿನ ವಿಷಯವನ್ನಷ್ಟೇ ಹೇಳಿದೆ.

ಅಮ್ಮ ಬಾಣಲೆ ಇಳಿಸಿದಳು. “ಬಾಗಿಲು ಹಾಕಿದ್ರೆ ಸಾಯ್ತೀನಿ, ತೆಗೆದ್ರೆ ಚಳಿ. ಒಳಗೆ ಬಂದ್ರೆ ನಿಮಗೆ ವಾಸನೆ. ನಾಲ್ಕನೇದು ಏನಾದ್ರೂ ಇದ್ರೆ ಹೇಳೇ.”

ಶ್ರೀಧರ ಬಂದು ಸಿಲಿಂಡರ್ ಕಳಚಿದ. ಮಧ್ಯಾಹ್ನದ ಹೊತ್ತಿಗೆ ಹುಲ್ಲಿನ ಮಷೀನು ಶೆಡ್ಡಿಗೆ ವಾಪಸ್ ಹೋಯಿತು. ಅಮ್ಮ ಎಂದಿನಂತೆ ಸೀರೆ ಬದಲಾಯಿಸಿ, ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ ಕಟ್ಟಿಕೊಂಡು ಬಡಿಸಲು ಬಂದಳು.

“ನಾಳೆಯಿಂದ ಒಳಗೇ ಅಡುಗೆ ಮಾಡಮ್ಮ” ಎಂದೆ. ನನಗೆ ಅಳು ಬಂದಿತ್ತು.

ನನ್ನಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಡೇವ್‌ನ ಇಂಗ್ಲಿಷೂ ಅವಳಿಗೆ ಅರ್ಥವಾಗುತ್ತದೆ, ನನ್ನದೂ.

“ಕೇಳಿಸ್ಕೊಂಡೆ” ಎಂದಳು, ನನ್ನ ತಟ್ಟೆಗೆ ಸಾರು ಬಡಿಸುತ್ತ. “ಚಳಿಗಾಲಕ್ಕೆ ರಜ ಕೊಟ್ಟಿದೀಯ. ಸಂಬಳ ಮುರ್ಕೊಳ್ಳಲ್ಲ ತಾನೇ?”